ಅರ್ಧ ಮೋಪು

ಮೊಮ್ಮಗಳು ಮೊಲ ಸಾಕಿದ್ದಾಳೆ. ನಾನು ಹೈದರಾಬಾದಿನ ಮಗಳ ಮನೆಗೆ ಬಂದ ಮೂರನೆಯ ದಿನ ಅದರ ಮೇವಿನ ಪೊಟ್ಟಣ ಬಂತು. ಕತ್ತರಿ ತಂದು ಪೊಟ್ಟಣದ ಬಾಯಿ ಬಿಚ್ಚಿದ್ದೇ ತಡ, ಒಣಹುಲ್ಲಿನ ವಾಸನೆ ಅಡುಗೆಮನೆಯ ತನಕ ಹರಡಿತು. ಚಹಾದ ಲೋಟ ಕೆಳಗಿಟ್ಟು ಎದ್ದುಹೋಗಿ ಒಂದು ಹಿಡಿ ತೆಗೆದು ಮೂಗಿಗೆ ಹಿಡಿದೆ. ಹದವಾಗಿ ಒಣಗಿದ ಹುಲ್ಲು, ಮೈಯ ಹಸಿರು ಇನ್ನೂ ಪೂರ್ತಿ ಹೋಗಿಲ್ಲ. ನಡುನಡುವೆ ಸಜ್ಜೆ ತೆನೆಯ ಮರಿಗಳಂಥ ಬೆರಳುದ್ದದ ತೆನೆಗಳು.

"ಇದು ಯಾವ ಹುಲ್ಲವ್ವಾ?"

"ಟಿಮೊಥಿ, ಮುತ್ಯಾ. ಅಮೆರಿಕಾದಿಂದ ಬರ್ತದ. ಮೊಲದ ಹಲ್ಲು ಬೆಳಿತಾನೇ ಇರ್ತಾವಂತ. ಇದನ್ನ ಅಗಿದು ಅಗಿದು ಸವಸಬೇಕಂತ."

ಅವಳ ಫೋನಿನಲ್ಲೇ ಆ ಹುಲ್ಲಿನ ಹಿಂದುಮುಂದು ಓದಿಸಿಕೊಂಡೆ. ಅದು ಚಳಿಯ ಹುಲ್ಲು. ಒಮ್ಮೆ ಬಿತ್ತಿದರೆ ಕೆಲವು ವರ್ಷ ಅದೇ ಹೊಲದಲ್ಲಿ ನಿಲ್ಲುತ್ತದೆ. ಕಡ್ಡಿಯ ಬುಡದಲ್ಲಿ ಪುಟ್ಟ ಈರುಳ್ಳಿಯಂಥ ಗಂಟು ಕಟ್ಟಿಕೊಂಡು, ಅದರಲ್ಲಿ ಆಹಾರ ಕೂಡಿಟ್ಟು, ಹಿಮದ ಕೆಳಗೆ ಮಲಗಿದ್ದು, ಹಿಮ ಕರಗಿದ ಮೇಲೆ ಮತ್ತೆ ಚಿಗುರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಟಿಮೊಥಿ ಹ್ಯಾನ್ಸನ್ ಎಂಬ ರೈತ ಅದರ ಬೀಜವನ್ನು ಅಮೆರಿಕದ ಊರೂರಿಗೆ ಹಬ್ಬಿಸಿದನಂತೆ, ಹೆಸರು ಅವನದೇ ಉಳಿಯಿತು. ಈಗ ವಾಷಿಂಗ್ಟನ್ ರಾಜ್ಯದ ಕಿಟ್ಟಿಟಾಸ್ ಕಣಿವೆ ಈ ಹುಲ್ಲಿಗೆ ಹೆಸರುವಾಸಿ. ಬೆಟ್ಟದ ಹಿಮ ಕರಗಿ ಬಂದ ನೀರು, ಒಣಗಾಳಿ, ಬೇಸಿಗೆಯ ಉದ್ದನೆಯ ಹಗಲು. ತೆನೆ ಬರುವ ಹೊತ್ತಿಗೆ ಕೊಯ್ದು, ಕೆಲವು ದಿನ ಹೊಲದಲ್ಲೇ ಹರವಿ ತಿರುವಿ ಒಣಗಿಸಿ, ಒತ್ತಿ ಕಟ್ಟಿ ಹಡಗಿಗೆ ಹಾಕುತ್ತಾರೆ. ಬಹಳಷ್ಟು ಜಪಾನ್, ಕೊರಿಯಾಗಳ ದನಗಳಿಗೂ ಕುದುರೆಗಳಿಗೂ ಹೋಗುತ್ತದೆ. ಅದರ ಒಂದು ಹಿಡಿ ಉಪ್ಪಲ್‌ನ ಈ ಆರನೆಯ ಮಹಡಿಗೂ ಬಂದಿದೆ.

ಹುಡುಗಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನನಗೆ ಇತ್ತು. ಈ ಕಟ್ಟಡದ ಬಾಲ್ಕನಿಯಿಂದ ಮೂಸಿ ನದಿಯ ಕಡೆ ನೋಡಿದರೆ ಕಾಣುವುದೆಲ್ಲ ನೀರಿನ ಟಾಕಿಗಳು, ಮನೆಗಳು. ಆದರೆ ಹನ್ನೊಂದನೆಯ ವಯಸ್ಸಿನಿಂದ ಹತ್ತೊಂಬತ್ತರ ತನಕ ನಾನು ಆ ನದಿಯ ದಂಡೆಯ ಹುಲ್ಲಿನಲ್ಲಿ ಬೆಳೆದವನು. ಅದೂ ವರ್ಷಗಟ್ಟಲೆ ನಿಲ್ಲುವ ಹುಲ್ಲೇ. ಆದರೆ ಹಿಮದ ನೀರು ಕುಡಿದದ್ದಲ್ಲ.

1972ರ ಬರದಲ್ಲಿ ನಾನು ಈ ಊರಿಗೆ ಬಂದೆ. ನಮ್ಮದು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹಳ್ಳಿ. ಕಪ್ಪು ಮಣ್ಣು, ಬಿಳಿಜೋಳ, ತೊಗರಿ. ಆ ವರ್ಷ ಮಳೆ ಕೈಕೊಟ್ಟು ಜೋಳ ಮೊಳಕಾಲುದ್ದಕ್ಕೇ ನಿಂತುಬಿಟ್ಟಿತು. ಕಾಳಿಲ್ಲದಿದ್ದರೆ ಮನುಷ್ಯ ಹೇಗೋ ಗೆಣಸು, ಸೊಪ್ಪು ಬೇಯಿಸಿ ತಿಂದಾನು. ಕಣಕಿ ಇಲ್ಲದಿದ್ದರೆ ದನಕ್ಕೆ ಏನು ಹಾಕುವುದು? ಬಣವಿ ದಿನದಿನಕ್ಕೂ ಇಳಿಯುತ್ತ ಬಂದು ಒಂದು ದಿನ ಬುಡದ ಕಲ್ಲುಗಳು ಕಂಡವು. ನಮ್ಮಲ್ಲಿ ಎರಡು ದೇವಣಿ ಎತ್ತುಗಳಿದ್ದವು. ಬಿಳಿ ಮೈ, ಕಪ್ಪು ಮೋತಿ. ಅಪ್ಪ ಸಂತೆಗೆ ಹೊಡೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ದಲ್ಲಾಳಿ ಟವೆಲಿನ ಕೆಳಗೆ ಅಪ್ಪನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಅಪ್ಪ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ, ಮತ್ತೆ ಕೊಡುತ್ತಿದ್ದ. ಮೂರನೆಯ ಸಲ ಕೈ ಹಿಂದಕ್ಕೆ ಬರಲಿಲ್ಲ. ಆ ವಾರವೇ ನಮ್ಮ ಸೋದರಮಾವ ಬಂದು ನನ್ನನ್ನು ಕರೆದುಕೊಂಡು ಹೊರಟ. "ಒಂದ್ ಬಾಯಿ ಕಡಿಮಿ ಆಗ್ತದ ಅಕ್ಕಾ, ಸಾಲಿಗೂ ಹೋಗ್ತಾನ," ಅಂದ ಅವ್ವನಿಗೆ. ಅವ್ವ ಏನೂ ಅನ್ನಲಿಲ್ಲ.

ಬೀದರ, ಜಹೀರಾಬಾದ, ಸದಾಶಿವಪೇಟೆ ಹಾದು ಬಸ್ಸು ಬಂತು. ಪಟಾನ್‌ಚೆರು ಬಂದಾಗ ಮಾವ ಎಬ್ಬಿಸಿ, ಶಹರ ಬಂತು ನೋಡು ಅಂದ. ಅದೇ 1972ರಲ್ಲಿ ಅದೇ ಪಟಾನ್‌ಚೆರುವಿನಲ್ಲಿ ಜೋಳ, ಸಜ್ಜೆ, ತೊಗರಿಗಳ ಸಂಶೋಧನೆಗಾಗಿ ಇಕ್ರಿಸ್ಯಾಟ್ ಸಂಸ್ಥೆ ಶುರುವಾಯಿತೆಂದು ಬಹಳ ವರ್ಷಗಳ ಮೇಲೆ ಓದಿದೆ. ಜೋಳ ಒಣಗಿದ ಊರಿನ ಹುಡುಗನೊಬ್ಬ ಅದರ ಮುಂದೆಯೇ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿದ್ದ. ನಮ್ಮ ಹಿರಿಯರಿಗೆ ಹೈದರಾಬಾದು ಪರವೂರಾಗಿರಲಿಲ್ಲ. 1956ರ ತನಕ ಬೀದರ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಕೋರ್ಟು, ಕಚೇರಿ, ದವಾಖಾನೆ, ಮದುವೆ ಜವಳಿ, ಎಲ್ಲಕ್ಕೂ ಇಲ್ಲಿಗೇ ಬರುತ್ತಿದ್ದರು. ರಾಜ್ಯ ಬೇರೆಯಾದ ಮೇಲೂ ಕಾಲು ಈ ಕಡೆಗೇ ಎಳೆಯುತ್ತಿತ್ತು.

ಮಾವನ ತಬೇಲಾ ಅಂಬರಪೇಟೆಯಲ್ಲಿತ್ತು. ಐದು ಎಮ್ಮೆ, ತಗಡಿನ ಮಾಡು, ಅದರ ಪಕ್ಕದಲ್ಲೇ ನಾವು ಮಲಗುವ ಕೋಣೆ. ಬೆಳಗಿನ ಮೂರೂವರೆಗೆ ಹಾಲು ಕರೆದು, ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿ, ಬರ್ಕತ್‌ಪುರ, ಕಾಚಿಗುಡದ ಮನೆಗಳಿಗೆ, ಎರಡು ಇರಾನಿ ಹೋಟೆಲುಗಳಿಗೆ ಮಾವ ಹಾಕಿ ಬರುತ್ತಿದ್ದ. ಇರಾನಿ ಚಹಾಕ್ಕೆ ತಾಸುಗಟ್ಟಲೆ ಕಾಯಿಸಿದ ಗಟ್ಟಿ ಎಮ್ಮೆ ಹಾಲೇ ಬೇಕು. ಕರೆದ ಹಾಲಿನಲ್ಲಿ ಮೊದಲ ಲೋಟ ನನಗೆ. ಅದನ್ನು ಮಾವ ಒಂದು ದಿನವೂ ತಪ್ಪಿಸಲಿಲ್ಲ. ಹಾಲು ಕಡಿಮೆಯಾದ ದಿನ ಅತ್ತಿ ಮುಖ ಸಣ್ಣದು ಮಾಡಿದರೂ, "ಅಂವ ಬರದಾಗಿಂದ ಬಂದ ಹುಡುಗ," ಅಂತ ತಾನೇ ಕೈಯಾರೆ ಕೊಡುತ್ತಿದ್ದ.

ಎಮ್ಮೆಗೆ ಹಿಂಡಿ, ತೌಡು ಎಷ್ಟು ಹಾಕಿದರೂ ಹಸಿಹುಲ್ಲು ಇಲ್ಲದೆ ಹಾಲು ಇಳಿಯುವುದಿಲ್ಲ. ಅದಕ್ಕೇ ಮಾವ ಉಪ್ಪಲ್ ದಾಟಿ ಪೀರ್ಜಾದಿಗುಡದ ಕಡೆ ನದಿ ದಂಡೆಯಲ್ಲಿ ಎರಡು ಎಕರೆ ಕೌಲಿಗೆ ಹಿಡಿದಿದ್ದ. ತನ್ನ ಎಮ್ಮೆಗಳಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬೇರೆ ತಬೇಲಾಗಳಿಗೆ ಮಾರುತ್ತಿದ್ದ. ನಾನು ಬಂದಾಗ ಆ ದಂಡೆಯಲ್ಲಿ ಅರ್ಧ ಭತ್ತ, ಅರ್ಧ ಹುಲ್ಲು. ನಾನು ಬಿಟ್ಟುಹೋಗುವ ಹೊತ್ತಿಗೆ ನಮ್ಮ ಸುತ್ತ ಮುತ್ತ ಎಲ್ಲ ಹುಲ್ಲೇ. ನೀರಿನಲ್ಲಿ ಗೊಬ್ಬರದ ಅಂಶ ವಿಪರೀತವಾಗಿ, ಭತ್ತ ಎದೆಯೆತ್ತರ ಬೆಳೆದು ಮಲಗಿಬಿಡುತ್ತಿತ್ತು, ಕಾಳು ಕಟ್ಟುತ್ತಿರಲಿಲ್ಲ. ಹುಲ್ಲಿಗೆ ಕಾಳು ಕಟ್ಟುವ ಕೆಲಸವಿಲ್ಲ. ಅದು ಕುಡಿದಷ್ಟೂ ಬೆಳೆಯಿತು.

ಅದು ಪ್ಯಾರಾ ಹುಲ್ಲು. ಬ್ರೆಜಿಲ್‌ನ ಪ್ಯಾರಾ ಎಂಬ ಸೀಮೆಯ ಹೆಸರು ಹೊತ್ತರೂ ಅದರ ತವರು ಆಫ್ರಿಕಾ. ನಮ್ಮ ದಂಡೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ, ತೆಲುಗಿನಲ್ಲಿ ಬರೀ ಗಡ್ಡಿ, ಹಿಂದಿಯಲ್ಲಿ ಘಾಸ್. ಬೀಜ ಬಿತ್ತುವುದಿಲ್ಲ. ಕಡ್ಡಿ ಕಡಿದು ಕೆಸರಿನಲ್ಲಿ ಊರಿದರೆ ಸಾಕು, ನೆಲಕ್ಕೆ ತಾಗಿದ ಪ್ರತಿ ಗೆಣ್ಣಿಗೂ ಬೇರು ಬಿಟ್ಟು ಹಬ್ಬುತ್ತದೆ. ಗೆಣ್ಣಿನ ಸುತ್ತ ಬಿಳಿ ರೋಮ, ಒಳಗೆ ಟೊಳ್ಳು ಕಡ್ಡಿ, ಹಿಡಿದರೆ ಕೈಗೆ ಗರಗರ ತಾಗುವ ಎಲೆ. ಬೇಸಿಗೆ, ಮಳೆಗಾಲದಲ್ಲಿ ತಿಂಗಳಿಗೊಂದು ಕೊಯ್ಲು. ಒಮ್ಮೆ ಊರಿದ ಮೇಲೆ ಹತ್ತು ಹದಿನೈದು ವರ್ಷ ಮತ್ತೆ ಊರುವ ಮಾತಿಲ್ಲ. ಮೇಯಲು ಬಿಡುವುದೂ ಇಲ್ಲ. ಆ ಕೆಸರಿನಲ್ಲಿ ಎಮ್ಮೆ ಇಳಿದರೆ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಕೊಯ್ದು ಹೊತ್ತು ತಂದೇ ಹಾಕಬೇಕು.

ನೀರಿನ ಮಾತು ಹೇಳಬೇಕು. ನದಿಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡಿಗೆ ಅಲ್ಲಿ ಕತ್ವಾ ಅನ್ನುತ್ತಾರೆ. ಕತ್ವಾದಿಂದ ಕಾಲುವೆ, ಕಾಲುವೆಯಿಂದ ಮಡಿಗೆ ನೀರು. ಬಣ್ಣ ಕಪ್ಪು, ಮೇಲೆ ಸೋಪಿನ ನೊರೆ. ಹೈದರಾಬಾದಿನ ಮನೆಮನೆಯ ಬಚ್ಚಲು, ಕಕ್ಕಸು, ದವಾಖಾನೆ, ಕಾರ್ಖಾನೆಗಳ ನೀರು ಅದು. ಮೂಸಿ ಅನಂತಗಿರಿ ಗುಡ್ಡದಲ್ಲಿ ಹುಟ್ಟುವಾಗ ಶುದ್ಧವಾಗಿಯೇ ಹುಟ್ಟುತ್ತದೆ. 1908ರ ಸೆಪ್ಟೆಂಬರ್ 28ರಂದು ಅದು ಉಕ್ಕಿ ಈ ಶಹರವನ್ನೇ ಕೊಚ್ಚಿಕೊಂಡು ಹೋಯಿತು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ನಮ್ಮ ಸಾಲೆಯ ಕನ್ನಡ ಮಾಸ್ತರರು ಇದನ್ನು ಹೇಳುವಾಗ ಕುರ್ಚಿಯಿಂದ ಎದ್ದುನಿಲ್ಲುತ್ತಿದ್ದರು. ವಿಶ್ವೇಶ್ವರಯ್ಯನವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಪ್ರವಾಹದ ಭಯ ತಗ್ಗಿತು, ಶಹರಕ್ಕೆ ಗಂಡಿಪೇಟೆಯ, ಅಂದರೆ ಉಸ್ಮಾನ್ ಸಾಗರದ, ಸಿಹಿನೀರು ಬಂತು. ಆ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗುವುದಿಲ್ಲ ಎಂಬ ಮಾತೇ ಇದೆ. ಮಾಸ್ತರರು ನಮ್ಮನ್ನು ಗಂಡಿಪೇಟೆಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಎದುರಿಗೆ ಆಕಾಶದ ಬಣ್ಣದ ನೀರು. ಅದು ನಮ್ಮ ಹೊಲದ ಪಕ್ಕದ ನದಿಯೇ ಎಂದು ನನಗೆ ನಂಬಿಕೆ ಬರಲಿಲ್ಲ. ಮೇಲೆ ಹಿಡಿದಿಟ್ಟ ನೀರನ್ನು ಶಹರ ಕುಡಿಯುತ್ತಿತ್ತು, ಕುಡಿದು ಬಿಟ್ಟದ್ದು ಕೆಳಗೆ ನಮ್ಮ ಮಡಿಗೆ ಬರುತ್ತಿತ್ತು. ಒಳ್ಳೆಯ ಕೆಲಸಕ್ಕೂ ಒಂದು ಕೆಳದಂಡೆ ಇರುತ್ತದೆ, ನಾವು ಆ ಕೆಳದಂಡೆಯಲ್ಲಿದ್ದೆವು. ವಿಶ್ವೇಶ್ವರಯ್ಯನವರ ಮೇಲಿನ ಗೌರವ ನನಗೆ ಒಂದಿಷ್ಟೂ ಕಡಿಮೆಯಾಗಿಲ್ಲ. ಅವರು ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟಿದ್ದರು. ಅವರ ನಂತರ ಊರು ಎಷ್ಟೋ ಪಟ್ಟು ಬೆಳೆಯಿತು, ಚರಂಡಿಯ ಚಿಂತೆ ಅದರ ಜೊತೆ ಬೆಳೆಯಲಿಲ್ಲ.

ಚಳಿಗಾಲದ ಬೆಳಗುಗಳು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿವೆ. ಡಿಸೆಂಬರಿನಲ್ಲಿ ಕಾಲುವೆಯ ಮೇಲೆ ಆವಿ ಏಳುತ್ತಿತ್ತು. ಊರ ನೀರು ಬೆಚ್ಚಗಿರುತ್ತದೆ. ಚಪ್ಪಲಿ ಇಲ್ಲದ ಕಾಲು ಕೊರೆಯುವಾಗ ಅದರಲ್ಲಿ ಕಾಲಿಟ್ಟು ನಿಂತುಕೊಳ್ಳುವುದು ಎಷ್ಟು ಹಿತವಾಗಿರುತ್ತಿತ್ತೆಂದರೆ, ಅದು ಏನು ನೀರು ಎಂಬುದನ್ನು ಮೈ ಮರೆತುಬಿಡುತ್ತಿತ್ತು. ಆದರೆ ಹುಲ್ಲಿಗೆ ಆ ಚಳಿ ಆಗುತ್ತಿರಲಿಲ್ಲ. ಅದು ಬಿಸಿ ನಾಡಿನ ಹುಲ್ಲು. ಹೈದರಾಬಾದಿನ ಚಳಿ ದೊಡ್ಡ ಚಳಿಯೇನಲ್ಲ, ಆದರೂ ರಾತ್ರಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿದರೆ ಸಾಕು, ಅದರ ಬೆಳವಣಿಗೆ ನಿಂತೇಹೋಯಿತು ಅನ್ನಿಸುತ್ತಿತ್ತು. ತುದಿ ಹಳದಿ ತಿರುಗಿ, ತಿಂಗಳ ಕೊಯ್ಲು ಒಂದೂವರೆ, ಎರಡು ತಿಂಗಳಿಗೆ ಹೋಗುತ್ತಿತ್ತು. ಹುಲ್ಲಿನ ಬೆಲೆ ಏರುತ್ತಿತ್ತು, ಮಾವನ ಸಿಟ್ಟೂ ಏರುತ್ತಿತ್ತು. "ಥಂಡ್ಯಾಗ ಬೆಳಿಯೋ ಹುಲ್ಲು ಎಲ್ಲರ ಅದನೋ ಇಲ್ಲೋ ಜಗತ್ತಿನಾಗ," ಎಂದು ಒದರುತ್ತಿದ್ದ. ಇದೆ ಮಾಮಾ. ಮೊನ್ನೆ ನಿನ್ನ ಮರಿಮೊಮ್ಮಗಳ ಮೊಲಕ್ಕೆ ಹಾಕಿದೆವು.

ಥಂಡಿಗೆ ಒದಗುವ ಒಂದು ಮೇವು ಮಾವನಲ್ಲಿಯೂ ಇತ್ತು, ಕುದುರೆ ಮೆಂತೆ. ಇಂಗ್ಲಿಷಿನ ಲ್ಯೂಸರ್ನ್. ಹುಲ್ಲಲ್ಲ, ದ್ವಿದಳ ಸಸಿ. ಮೆಂತೆಯಂಥದೇ ಮೂರೆಲೆ, ನೇರಳೆ ಹೂವು, ಆಳಕ್ಕಿಳಿಯುವ ಬೇರು. ಅದೂ ನಾಲ್ಕಾರು ವರ್ಷ ನಿಂತು ಕೊಯ್ದಷ್ಟೂ ಚಿಗುರುತ್ತದೆ, ಚಳಿಗಾಲದಲ್ಲಿ ಇನ್ನೂ ಚೆನ್ನಾಗಿ. ಅದಕ್ಕೆ ನೀರು ನಿಂತರೆ ಆಗದು. ಹೊಲದ ಎತ್ತರದ ಮೂಲೆಯಲ್ಲಿ, ಬಾವಿಯ ಪಕ್ಕ, ಆರು ಮಡಿ ಇಟ್ಟಿದ್ದ. ಈ ಊರಿಗೆ ಕುದುರೆ ಮೇವಿನ ವ್ಯಾಪಾರ ಹೊಸದಲ್ಲ. ಸಿಕಂದರಾಬಾದಿನಲ್ಲಿ ಘಾಸ್‌ಮಂಡಿ ಎಂಬ ಪೇಟೆಯೇ ಇದೆ, ಹುಲ್ಲಿನ ಮಂಡಿ ಎಂಬ ಹೆಸರು ದಂಡಿನ ಕಾಲದ ಕಥೆ ಹೇಳುತ್ತದೆ. ಕುದುರೆ ಇಟ್ಟವರ ಆಳೊಬ್ಬ ಮಾವನ ಮೆಂತೆಗೆ ಬರುತ್ತಿದ್ದ. ಪ್ರತಿ ಸಲವೂ ಬಾವಿಗೆ ಬಗ್ಗಿ ನೋಡಿ, ಕೈಯಲ್ಲಿ ನೀರು ಎತ್ತಿ ವಾಸನೆ ಹಿಡಿದು, ಆಮೇಲೆ ಕೊಯ್ಸುತ್ತಿದ್ದ. ಮೋರಿ ನೀರಿನ ಮೇವಾದರೆ ಕುದುರೆಗೆ ಬೇಡವೆಂದು ಅವನ ಧಣಿಯ ಕಟ್ಟಪ್ಪಣೆಯಂತೆ. ನಮ್ಮ ಹಾಲು ಕೊಳ್ಳುವ ಮನೆಗಳಲ್ಲಿ ಯಾರೂ ಒಂದು ದಿನವೂ, ಎಮ್ಮೆಗೆ ಏನು ಹಾಕುತ್ತೀರಿ ಎಂದು ಕೇಳಿದವರಿಲ್ಲ. ಹಾಲಿಗೆ ನೀರು ಬೆರೆಸಿದ್ದೀರಾ ಎಂದು ಮಾತ್ರ ಕೇಳುತ್ತಿದ್ದರು.

ಒಂದು ವರ್ಷ ಮಾವನಿಗೆ ಹೊಸ ಯೋಚನೆ ಬಂತು. ಮಳೆಗಾಲದ ಕೊನೆಗೆ ಹುಲ್ಲು ಅಗ್ಗ. ಆಗಲೇ ಒಣಗಿಸಿ ಬಣವಿ ಒಟ್ಟಿದರೆ ಚಳಿಗಾಲಕ್ಕಾದೀತು. ಊರಲ್ಲಿ ಕಣಕಿ ಒಟ್ಟಿದ ಕೈ ಅದು. ದಂಡೆಯ ಮೇಲಿನ ದೊಡ್ಡ ಬಂಡೆಗಳ ಮೇಲೆ ಹುಲ್ಲು ಹರವಿದೆವು. ದಿನಕ್ಕೆ ಎರಡು ಸಲ ತಿರುವಿ ಹಾಕುವುದು ನನ್ನ ಕೆಲಸ. ನಾಲ್ಕು ದಿನಕ್ಕೆ ಎಲೆ ಒಣಗಿ ಪುಡಿಯಾಗಿ ಉದುರತೊಡಗಿತು. ಕಡ್ಡಿ ಮಾತ್ರ, ಹಲ್ಲಿನಲ್ಲಿ ಕಚ್ಚಿದರೆ ಇನ್ನೂ ರಸ. ಮಾವ ತಾಳ್ಮೆಗೆಟ್ಟು ಹಾಗೆಯೇ ಒಟ್ಟಿಸಿದ. ವಾರದ ಮೇಲೆ ನಾನು ಬಣವಿಯೊಳಗೆ ಕೈ ತೂರಿಸಿದೆ, ಸುಟ್ಟಹಾಗಾಗಿ ಕೈ ಎಳೆದುಕೊಂಡೆ. ಒಳಗಿನ ಹಸಿ ಕೊಳೆತು ಕಾದಿತ್ತು. ಬಿಚ್ಚಿದರೆ ನಡುವಿನಿಂದ ಹೊಗೆಯಂತೆ ಆವಿ, ಕಪ್ಪು ಬೂಸ್ಟು. ಎಮ್ಮೆಗಳ ಮುಂದೆ ಹಾಕಿದರೆ ಮೂಗು ತಾಗಿಸಿ ಮುಖ ತಿರುಗಿಸಿದವು. ದಪ್ಪ ಕಡ್ಡಿಯ, ನೀರು ತುಂಬಿದ ಆ ಹುಲ್ಲು ಕೊಯ್ದ ದಿನವೇ ತಿನ್ನಿಸತಕ್ಕದ್ದು, ಕೂಡಿಡತಕ್ಕದ್ದಲ್ಲ. ಮಾವ ಅದನ್ನೆಲ್ಲ ಎಳೆದು ನದಿಗೆ ಹಾಕಿಸಿ ಬಂಡೆಯ ಮೇಲೆ ಕುಳಿತ. "ನಮ್ಮೂರಾಗ ಬಣವಿ ಅಂದ್ರ ಎರಡ್ ವರ್ಷ ಇರ್ತಿತ್ತೋ," ಅಂದ. ಅವನು ಊರಿನ ಹೆಸರು ಎತ್ತಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಇಲ್ಲಿಯವರೆಗೆ ಬರೆಯುವುದು ನನಗೆ ಸುಲಭ. ಮಾವನ ಸೈಕಲ್ಲು, ಕಾಲುವೆಯ ಆವಿ, ಮೊದಲ ಲೋಟ ಹಾಲು, ಇವನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಹುಲ್ಲು ಕೊಯ್ಯುವ ಹೆಂಗಸರ ಮಾತು.

ಎಂಟು ಹತ್ತು ಜನ ಬರುತ್ತಿದ್ದರು. ಸೀರೆ ಮೊಳಕಾಲಿನ ಮೇಲಕ್ಕೆ ಕಟ್ಟಿ, ಕುಡುಗೋಲು ಹಿಡಿದು ಇನ್ನೂ ಕತ್ತಲಿರುವಾಗಲೇ ಮಡಿಗೆ ಇಳಿಯುವವರು. ಎಡಗೈಯಲ್ಲಿ ಹುಲ್ಲಿನ ಹಿಡಿ ತಿರುವಿ ಹಿಡಿದು, ಬುಡಕ್ಕೆ ಕುಡುಗೋಲು ಹಾಕಿ ತಮ್ಮ ಕಡೆ ಎಳೆಯುವುದು. ಒಂದು ಹಿಡಿ, ಇನ್ನೊಂದು ಹಿಡಿ, ಹಿಂದಕ್ಕೆ ಹಾಕುತ್ತ ಮುಂದಕ್ಕೆ ಹೋಗುವುದು. ಮೂರು ಗೆಣ್ಣು ಉದ್ದದ ಕಡ್ಡಿಗಳನ್ನೇ ಹೊಸೆದು ಹುರಿ ಮಾಡಿ, ಮೊಳಕಾಲು ಒತ್ತಿ ಬಿಗಿದರೆ ಒಂದು ಮೋಪು, ಅಂದರೆ ತಲೆಹೊರೆ. ಕೂಲಿ ಮೋಪಿನ ಲೆಕ್ಕದ ಮೇಲೆ. ಆ ಲೆಕ್ಕ ಬರೆಯುವವನು ನಾನು. ಸಾಲೆಗೆ ಹೋಗುವ ಹುಡುಗ, ಅಂಕಿ ಬಲ್ಲವನು. ಹೊಲದ ಬದುವಿನ ಮೇಲೆ ಕುಳಿತು ಹೆಸರಿನ ಮುಂದೆ ಗೀಟು ಹಾಕುತ್ತಿದ್ದೆ, ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ.

ಮೋಪುಗಳನ್ನು ಬಂಡಿಗೆ ಏರಿಸುವಾಗ ಮಾವ ಒಂದೊಂದನ್ನೂ ಕಾಲಿನಿಂದ ಒತ್ತಿ ನೋಡುತ್ತಿದ್ದ. ಸಡಿಲ ಕಂಡರೆ, "ಅರ್ಧ ಬರಿ," ಅನ್ನುತ್ತಿದ್ದ. ನಾನು ಅರ್ಧ ಗೀಟು ಹಾಕುತ್ತಿದ್ದೆ. ಆ ಅರ್ಧ ಮೋಪು ಬಂಡಿಯ ಮೇಲೆ ಮಾತ್ರ ಪೂರ್ತಿ ಮೋಪಾಗಿಯೇ ಹೋಗುತ್ತಿತ್ತು, ಪೂರ್ತಿ ಬೆಲೆಗೇ ಮಾರುತ್ತಿತ್ತು. ಇದು ನನಗೆ ಗೊತ್ತಿತ್ತು. ಸಂಜೆ ತಬೇಲಾದವರ ಲೆಕ್ಕ ಬರೆಯುವವನೂ ನಾನೇ ಆಗಿದ್ದೆ. ಅದರಲ್ಲಿ ಅರ್ಧ ಎಂಬುದು ಎಲ್ಲಿಯೂ ಇರಲಿಲ್ಲ.

ಆ ಹೆಂಗಸರಲ್ಲಿ ಹಿರಿಯಳೊಬ್ಬಳು ನನ್ನನ್ನು ಬಿಡ್ಡಾ ಎಂದು ಕರೆಯುತ್ತಿದ್ದಳು. ಬುತ್ತಿ ಬಿಚ್ಚಿದಾಗ ಜೋಳದ ರೊಟ್ಟಿಯ ತುಂಡು, ಮೇಲೆ ಹಸಿಮೆಣಸಿನ ಖಾರ ಇಟ್ಟು ಕೊಡುತ್ತಿದ್ದಳು. ನಮ್ಮೂರ ರೊಟ್ಟಿಯ ರುಚಿ. ಅವಳ ಕಾಲುಬೆರಳ ಸಂದುಗಳು ಯಾವಾಗಲೂ ಬಿಳಿಚಿ ಒಡೆದಿರುತ್ತಿದ್ದವು. ಮುಂಗೈ ಮೇಲೆ ಎಲೆಯ ಗೀರು, ಗೀರಿನ ಮೇಲೆ ಆ ನೀರು, ಅದರ ಮೇಲೆ ಹುಣ್ಣು. ಸಂಜೆ ಔಡಲೆಣ್ಣೆ ಹಚ್ಚಿಕೊಂಡು, ಮತ್ತೆ ಬೆಳಿಗ್ಗೆ ಅದೇ ನೀರಿಗೆ ಇಳಿಯುವುದು. ಒಂದು ಚಳಿಗಾಲ, ಬೆರಳು ಬಾತು ಹುರಿ ಬಿಗಿಯಲು ಬಾರದೆ, ಅವಳ ಮೋಪುಗಳು ಸಡಿಲವಾದವು. ಮೂರು ದಿನ ಅವಳ ಹೆಸರಿನ ಮುಂದೆ ಬರೀ ಅರ್ಧಗಳು. ನಾಲ್ಕನೆಯ ದಿನ ಅವಳು ಮಾವನಿಗೆ ಏನೂ ಅನ್ನಲಿಲ್ಲ. ನನ್ನ ಹತ್ತಿರ ಬಂದು, ಪುಸ್ತಕದ ಮೇಲೆ ಬೆರಳಿಟ್ಟು, ಇದರಲ್ಲಿ ಎಷ್ಟು ಬರೆದಿದ್ದೀ ಬಿಡ್ಡಾ ಎಂದು ಕೇಳಿದಳು. ಅವಳಿಗೆ ಓದಲು ಬಾರದು. ನಾನು ನಿಜವಾದ ಅಂಕಿಯನ್ನೇ ಹೇಳಿದೆ. ಹೇಳಿದ ಮೇಲೆ ಮಾವನ ಮುಖ ನೋಡಿದೆ, ತಲೆ ತಗ್ಗಿಸಿದೆ. ಅವಳು ಮರುದಿನದಿಂದ ಬರಲಿಲ್ಲ. ಜ್ವರ ಅಂದರು. ಆಮೇಲೆ ಆ ಮಾತೂ ನಿಂತುಹೋಯಿತು.

ನನಗಾಗ ಹದಿನಾಲ್ಕು. ಸಣ್ಣವನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಆದರೆ ಲೆಕ್ಕ ಬರೆಯುವಷ್ಟು ದೊಡ್ಡವನಿದ್ದೆ. "ಮಾಮಾ, ಇದು ಪೂರಾ ಮೋಪು," ಎಂಬ ನಾಲ್ಕು ಶಬ್ದ ನನ್ನ ಬಾಯಿಂದ ಬರಲಿಲ್ಲ. ಬಂದಿದ್ದರೆ ಮಾವ ಹೊಡೆಯುತ್ತಿದ್ದನೆ? ಇಲ್ಲ. ಅವನು ನನ್ನ ಮೈಮೇಲೆ ಎಂದೂ ಕೈ ಮಾಡಿದವನಲ್ಲ. ಬಹುಶಃ ಕೇಳಿಬಿಡುತ್ತಿದ್ದ. ಅದೇ ನನ್ನನ್ನು ಈಗ ಕಾಡುತ್ತದೆ. ಬರದಲ್ಲಿ ಒಂದು ಬಾಯಿಗೆ ಅನ್ನ ಹಾಕಿದವನು, ಎಮ್ಮೆ ಈಯುವಾಗ ರಾತ್ರಿಯಿಡೀ ಅದರ ಬೆನ್ನು ಸವರುತ್ತ ಕೂತವನು, ಆ ಹೆಂಗಸಿನ ಕಾಲು ಮಾತ್ರ ನೋಡಲಿಲ್ಲ. ಅವನೂ ಕೌಲಿನ ದುಡ್ಡು ಕೊಡಬೇಕಿತ್ತು, ಹಿಂಡಿಯ ಸಾಲವಿತ್ತು, ಅದೆಲ್ಲ ಸರಿ. ಮಾವನನ್ನು ನಾನು ಇಂದಿಗೂ ಪ್ರೀತಿಸುತ್ತೇನೆ. ಆದರೆ ನನ್ನ ಆ ಮೊದಲ ಲೋಟ ಹಾಲಿನಲ್ಲಿ ಎಷ್ಟು ಅರ್ಧ ಮೋಪುಗಳಿದ್ದವು ಎಂಬ ಲೆಕ್ಕವನ್ನು ಬಿಟ್ಟು ಆ ಪ್ರೀತಿಯ ಮಾತು ಆಡುವುದು ಇನ್ನು ನನ್ನಿಂದಾಗದು.

ಸಾಲೆಯಲ್ಲಿ ನನ್ನ ಪಕ್ಕದ ಹುಡುಗ ಜಾಗ ಬದಲಾಯಿಸಿದ್ದ, ನನ್ನ ಅಂಗಿಯಿಂದ ಮೋರಿ ವಾಸನೆ ಬರುತ್ತದೆಂದು. ಅಂದಿನಿಂದ ನಾನು ಹೊಲದ ಮಾತನ್ನೇ ಮುಚ್ಚಿಟ್ಟೆ. ಮಾವ ಹಾಲಿನ ವ್ಯಾಪಾರ ಮಾಡುತ್ತಾನೆ ಎನ್ನುತ್ತಿದ್ದೆ, ಅಷ್ಟೇ. ಮುಂದೆ ತಪಾಲು ಇಲಾಖೆಯಲ್ಲಿ ನೌಕರಿ ಸಿಕ್ಕು ಬೀದರಿಗೆ, ಅಲ್ಲಿಂದ ಕಲಬುರಗಿಗೆ ಹೋದೆ. ಮಾವ ತೀರಿಕೊಂಡ, ತಬೇಲಾದ ಜಾಗದಲ್ಲಿ ಅಂಗಡಿಗಳೆದ್ದವು. 2000ದ ನಂತರದ ವರ್ಷಗಳಲ್ಲಿ, ಅದೇ ಇಕ್ರಿಸ್ಯಾಟ್ ಆವರಣದಲ್ಲಿದ್ದ ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ಸಂಶೋಧಕರು ಮೂಸಿ ದಂಡೆಯ ಊರುಗಳಲ್ಲಿ ತಿರುಗಾಡಿ, ನೀರು, ಮಣ್ಣು, ಹುಲ್ಲು, ಹಾಲು, ಕೂಲಿಯವರ ಆರೋಗ್ಯ ಎಲ್ಲವನ್ನೂ ಅಧ್ಯಯನ ಮಾಡಿದ್ದು ಓದಿದೆ. ಭಾರ ಲೋಹಗಳನ್ನು ಅಳೆದರು. ನೀರಿನಲ್ಲಿರುವ ಸಾರಜನಕದಿಂದ ರೈತನಿಗೆ ಗೊಬ್ಬರದ ಖರ್ಚು ಉಳಿಯುತ್ತದೆ ಎಂಬುದನ್ನೂ ಬರೆದರು, ಆ ನೀರಿನಲ್ಲಿ ನಿಂತು ಕೆಲಸ ಮಾಡುವವರ ಚರ್ಮದ ತುರಿಕೆ, ಜ್ವರಗಳನ್ನೂ ಬರೆದರು. ಎರಡೂ ನಿಜ. ಆ ಹುಲ್ಲು ಸಾವಿರಾರು ಮನೆಗಳ ಒಲೆ ಉರಿಸಿತು. ಶಹರ ತಾನು ಬಿಟ್ಟ ಕೊಳೆಯನ್ನು ಬಡವರ ಮೈಮೇಲೆ ಹಾಯಿಸಿ, ಹಾಲಾಗಿ ಮರಳಿ ಪಡೆಯಿತು. ಹುಲ್ಲು ಹೊಲಸು ಎಂದು ಮೂಗು ಮುಚ್ಚುವವರು ನೀರು ಎಲ್ಲಿಂದ ಬಂತೆಂದು ಕೇಳಬೇಕು. ಈಗ ಅಂಬರಪೇಟೆಯಲ್ಲಿ ದಿನಕ್ಕೆ 33.9 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕವಿದೆ. ನದಿಯನ್ನು ಚಂದ ಮಾಡುವ ದೊಡ್ಡ ಯೋಜನೆಯೂ ಇದೆ. 2024ರಲ್ಲಿ ದಂಡೆಯ ಬಡಾವಣೆಗಳ ಮನೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆದು ಹೋದರು. ನದಿ ಶುದ್ಧವಾಗಲಿ ಎಂದು ನನಗಿಂತ ಹೆಚ್ಚಾಗಿ ಬಯಸುವವರು ಯಾರಿದ್ದಾರೆ? ಆದರೆ ಅದರ ಹೊಲಸಿನಲ್ಲಿ ನಿಂತು ದುಡಿದವರಿಗೆ ಶುದ್ಧವಾದ ದಿನ ಅದರ ದಂಡೆಯಲ್ಲಿ ಜಾಗ ಇರಬೇಕು.

ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಆಟೋದಲ್ಲಿ ಪ್ರತಾಪಸಿಂಗಾರಂ ಕಡೆ ಹೋದೆ. ನಮ್ಮ ಎರಡು ಎಕರೆ ಯಾವುದೆಂದು ಹುಡುಕುವ ಆಸೆಯನ್ನು ದಾರಿಯಲ್ಲೇ ಬಿಟ್ಟೆ, ಎಲ್ಲ ಸೈಟುಗಳಾಗಿವೆ. ಇನ್ನೂ ಮುಂದೆ ಹೋದ ಮೇಲೆ ಹಸಿರು ಕಂಡಿತು. ಅದೇ ಹುಲ್ಲು, ಅದೇ ಮಡಿ. ಹುಡುಗಿ ಮೂಗು ಮುಚ್ಚಿಕೊಂಡಳು, ಆಮೇಲೆ ನನ್ನನ್ನು ನೋಡಿ ಕೈ ತೆಗೆದಳು. ಬದುವಿನ ಮೇಲೆ ಒಬ್ಬ ಹೆಂಗಸು ಮೋಪು ಕಟ್ಟಿ, ಎತ್ತಿಕೊಡುವವರಿಗಾಗಿ ಕಾಯುತ್ತ ನಿಂತಿದ್ದಳು. ಕಾಲಿಗೆ ರಬ್ಬರ್ ಬೂಟು ಇತ್ತು, ಅಷ್ಟು ಬದಲಾಗಿದೆ. ಕೈಗೆ ಏನೂ ಇರಲಿಲ್ಲ. ನಾನು ಹೋಗಿ ಒಂದು ಕಡೆ ಹಿಡಿದೆ. ಈ ವಯಸ್ಸಿಗೆ ಅದು ನನ್ನ ಸೊಂಟದ ಮೇಲೆ ಬರಲಿಲ್ಲ. ಅವಳೇ ಬಗ್ಗಿ, ತಲೆ ಕೊಟ್ಟು, ನನ್ನ ಕೈಯಿಂದ ಭಾರ ತೆಗೆದುಕೊಂಡು ಎದ್ದಳು. ಹುಲ್ಲಿನಿಂದ ಇಳಿದ ನೀರು ನನ್ನ ಅಂಗಿಯ ತೋಳು ನೆನೆಸಿತು.

ಮನೆಗೆ ಬಂದು ನೋಡಿದರೆ ಹುಡುಗಿಯ ಕೈಯಲ್ಲಿ ನಾಲ್ಕು ಕಡ್ಡಿ ಹುಲ್ಲು. ಮೊಲದ ಕಡೆ ಹೊರಟವಳನ್ನು ತಡೆದೆ.

"ಯಾಕ್ ಮುತ್ಯಾ? ಹಸಿದು ಅದ."

ಆ ನೀರಿನ ವಿಷಯ ಹೇಳಿದೆ. ಲೆಕ್ಕದ ಪುಸ್ತಕದ ವಿಷಯವನ್ನೂ ಹೇಳಿದೆ. ಎಂಟು ವರ್ಷದವಳಿಗೆ ಎಷ್ಟು ತಿಳಿಯಿತೋ.

"ಮತ್ತ ನೀ ಆ ಎಮ್ಮಿ ಹಾಲು ಕುಡೀತಿದ್ದಿಲ್ಲೇನು?"

"ಕುಡೀತಿದ್ದೆ."

"ದಿನಾ?"

"ದಿನಾ."

ಅವಳು ಸ್ವಲ್ಪ ಹೊತ್ತು ಯೋಚಿಸಿ, ಒಂದು ಗಾಜಿನ ಲೋಟಕ್ಕೆ ನಲ್ಲಿ ನೀರು ಹಿಡಿದು ಆ ಕಡ್ಡಿಗಳನ್ನು ನಿಲ್ಲಿಸಿ ಬಾಲ್ಕನಿಯ ಕಟ್ಟೆಯ ಮೇಲಿಟ್ಟಳು. ಬುಧವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದಳು. ನೀರಿನೊಳಗಿನ ಎರಡು ಗೆಣ್ಣುಗಳಿಂದ ದಾರದಂಥ ಬಿಳಿ ಬೇರುಗಳು ಇಳಿದಿದ್ದವು. ಇದನ್ನು ಎಲ್ಲಿ ಹಚ್ಚೋಣ ಎಂದು ಕೇಳುತ್ತಿದ್ದಾಳೆ. ನಾಳೆ ಒಂದು ಕುಂಡ ತರಬೇಕು.